ಚೆನ್ನಾಜಮ್ಮನ ಗಿಣಿ

ಗಿಣಿ ಫೋನನ್ನು ವಾಪಸು ಕೊಡಿ ಎಂದು ಕಂಪನಿ ಸಾರಿದ ದಿನ ಮೈಸೂರಿನಲ್ಲಿ ಯಾರೂ ಅದನ್ನು ನಂಬಲಿಲ್ಲ. ಮಾರಿದ ವಸ್ತುವನ್ನು ಅಂಗಡಿಯವನೇ ಬಂದು ಕೈಮುಗಿದು ವಾಪಸು ಕೇಳುತ್ತಾನೆ ಅಂದರೆ ಯಾರು ತಾನೇ ನಂಬುತ್ತಾರೆ? ಇದರಲ್ಲೇನೋ ಮಸಲತ್ತು ಇದೆ ಅಂದರು ಕೆಲವರು. ಹೊಸ ಮಾಡೆಲ್ ಬರ್ತಿದೆ, ಅದಕ್ಕೇ ಈ ನಾಟಕ ಅಂದರು ಇನ್ನು ಕೆಲವರು. ಆಮೇಲೆ ಗುಂಡ್ಲುಪೇಟೆಯ ಹೆಂಗಸೊಬ್ಬಳ ಗಿಣಿ ಸಿಡಿದು ಸುಟ್ಟ ಅಂಗೈ ಟಿವಿಯಲ್ಲಿ ಬಂತು. ಮಾರನೆಯ ದಿನ ಬೆಳಿಗ್ಗೆ ಸರ್ವಿಸ್ ಸೆಂಟರಿನ ಮುಂದೆ ಸಾಲು ಶುರುವಾಯಿತು.

ಕೌಂಟರಿನಲ್ಲಿ ಕೂತವಳು ಸತ್ಯಭಾಮಾ. ಅವಳ ನಿಜವಾದ ಜಾಗ ಕಂಪನಿಯ ಲ್ಯಾಬು. ಫೋನುಗಳು ಎಷ್ಟು ಬಿಸಿಯಾಗುತ್ತವೆ, ಎಷ್ಟಕ್ಕೆ ಹೊತ್ತಿಕೊಳ್ಳುತ್ತವೆ ಎಂದು ನೋಡುವ ಕಾವು ಪರೀಕ್ಷೆಯ ವಿಭಾಗಕ್ಕೆ ಅವಳೇ ಹಿರಿಯಳು. ಎರಡು ವರ್ಷದ ಹಿಂದೆ ಗಿಣಿ ಸುರಕ್ಷಿತ ಎಂದು ಸಹಿ ಹಾಕಿದವಳೂ ಅವಳೇ. ಜನ ಸಾಲದೆ ಅವಳನ್ನೂ ಅರ್ಧ ದಿನ ಕೌಂಟರಿಗೆ ಹಾಕಿದ್ದರು. ಅವಳೂ ಬೇಡ ಅನ್ನಲಿಲ್ಲ, ಸಹಿ ಹಾಕಿದ ಕೈಯೇ ವಾಪಸು ಇಸಿದುಕೊಳ್ಳಲಿ ಅಂದುಕೊಂಡಳು.

ಗಿಣಿಯ ವಿಶೇಷ ಇಷ್ಟೇ: ಅದು ಮನೆಮಾತು ಕಲಿಯುತ್ತಿತ್ತು. ಬೇರೆ ಫೋನುಗಳಿಗೆ ಪುಸ್ತಕದ ಕನ್ನಡ ಬೇಕು, ಇಲ್ಲವೇ ಇಂಗ್ಲಿಷು. ಗಿಣಿ ಹಾಗಲ್ಲ. ತಂದು ಎರಡು ತಿಂಗಳಾಗುವಷ್ಟರಲ್ಲಿ ನಿಮ್ಮ ಗೊಣಗಾಟ, ನಿಮ್ಮ ಅರ್ಧಂಬರ್ಧ ಮಾತು, ಹೂಂಗುಟ್ಟುವ ಬಗೆ ಎಲ್ಲ ಕಲಿತು, ಬೇಕೆಂದಾಗ ನಿಮ್ಮದೇ ದನಿಯಲ್ಲಿ ನಿಮ್ಮ ಪರವಾಗಿ ಮಾತೂ ಆಡುತ್ತಿತ್ತು. ಕಲಿತದ್ದನ್ನೆಲ್ಲ ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತಿತ್ತು, ಹೊರಗೆ ಕಳಿಸುತ್ತಿರಲಿಲ್ಲ. ಮನೆ ಮಾತು ಮನೆಯಲ್ಲೇ ಎಂದು ಜಾಹೀರಾತಿನಲ್ಲಿ ಹೇಳಿಕೊಂಡಿದ್ದರು, ಸುಳ್ಳು ಹೇಳಿರಲಿಲ್ಲ. ಆದರೆ ಅದೇ ಈಗ ಕುತ್ತಿಗೆಗೆ ಬಂದಿತ್ತು. ಒಂದು ಗಿಣಿ ಕಲಿತದ್ದನ್ನು ಇನ್ನೊಂದಕ್ಕೆ ತುಂಬಲು ಕಂಪನಿಯವರಿಂದಲೂ ಆಗುವಂತಿರಲಿಲ್ಲ. ಫೋನು ಹೋದರೆ ಅದು ಕಲಿತ ಮಾತೂ ಹೋಯಿತು.

ಹಾಗಾಗಿ ಸಾಲಿನಲ್ಲಿ ನಿಂತವರ ಮುಖ ನೋಡಬೇಕಿತ್ತು. ಕ್ಷೌರದಂಗಡಿಯ ದಾಸಪ್ಪ ತನ್ನ ಗಿಣಿಯನ್ನು ಹೊಸ ಟವೆಲಿನಲ್ಲಿ ಸುತ್ತಿ ತಂದಿದ್ದ. ಒಬ್ಬಾಕೆ ಅದರ ಬೆನ್ನಿಗೆ ಕುಂಕುಮ ಹಚ್ಚಿದ್ದಳು. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಮೀಸೆ ತಿರುವುತ್ತ, "ನಂದು ಕಳೆದು ಹೋಯ್ತು ಮೇಡಂ, ಅದನ್ನ ಬರ್ಸಿ ಹೋಗೋಣ ಅಂತ ಬಂದೆ" ಅಂದರು.

"ಗಿಣಿ ಕಳೆದು ಹೋಯ್ತಾ ಸರ್?" ಅಂದಳು ಭಾಮಾ.

"ಹೇಳಿ ಯಜಮಾನ್ರೇ" ಅಂತು ಅವರ ಜೇಬು.

ಸಾಲಿಗೆ ಸಾಲೇ ನಕ್ಕಿತು. ಹೆಡ್ ಕಾನ್‌ಸ್ಟೇಬಲ್ಲರ ಮೀಸೆ ಇಳಿಯಿತು. ಪಾಪ, ಹೆಂಡತಿ ತೀರಿಕೊಂಡ ಮೇಲೆ ಅವರನ್ನು ಯಜಮಾನ್ರೇ ಅನ್ನಲು ಉಳಿದದ್ದು ಅದೊಂದೇ ಅಂತೆ. ಭಾಮಾ ನಗಲಿಲ್ಲ. ಅವಳು ನಿಯಮದಂತೆ ಅವರನ್ನು ಎರಡೇ ಪ್ರಶ್ನೆ ಕೇಳಿದಳು: ಏನು ಕೊಡುತ್ತಿದ್ದೀರಿ, ಒಪ್ಪಿ ಕೊಡುತ್ತಿದ್ದೀರಾ? ಗಿಣಿ ಮಾಲೀಕರ ದನಿಯಲ್ಲೇ ಮಾತಾಡಬಲ್ಲದಲ್ಲವೇ, ಅದಕ್ಕಾಗಿ ಉತ್ತರವನ್ನು ಮನುಷ್ಯರ ಸ್ವಂತ ಬಾಯಿಂದ ಎದುರಿಗೇ ಕೇಳಿ, ಕೇಳಿದ ಮಾತನ್ನೇ ಕೈಯಾರೆ ಬರೆದುಕೊಳ್ಳಬೇಕು ಎಂದು ಕಂಪನಿಯ ವಕೀಲರು ಕಟ್ಟುಮಾಡಿದ್ದರು.

ಸಂಜೆ ಅವಳಿಗೂ ಒಂದು ಫಾರಂ ಬಂತು. ನಿಮ್ಮ ಮನೆಯಲ್ಲಿ ಗಿಣಿ ಇದೆಯೇ? ಭಾಮಾ ಪೆನ್ನು ಹಿಡಿದು ಮೊದಲು ತನ್ನ ಹೆಸರು ತುಂಬಿದಳು. ಆಮೇಲೆ 'ಇಲ್ಲ' ಎಂದು ಬರೆದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಬರೆದ ಮೊದಲ ಸುಳ್ಳು ಅದು.

ಕೆ.ಜಿ. ಕೊಪ್ಪಲಿನ ಅವಳ ಮನೆಯಲ್ಲಿ ಗಿಣಿ ಇತ್ತು. ಅದು ಅವಳ ಅತ್ತೆ ಚೆನ್ನಾಜಮ್ಮನದು.

ಚೆನ್ನಾಜಮ್ಮ ಶಿವರಾಂಪೇಟೆಯಲ್ಲಿ ಮೂವತ್ತೈದು ವರ್ಷ ಬಳೆ ಅಂಗಡಿ ನಡೆಸಿದವರು. ಮಾತೆಂದರೆ ಮಾತು. ಒಂದು ಡಜನ್ ಬಳೆ ತೊಡಿಸುವಷ್ಟರಲ್ಲಿ ಹೆಣ್ಣಿನ ತವರು, ಗಂಡನ ಮನೆ, ಎರಡೂ ಕಡೆಯ ಚರಿತ್ರೆ ಬಾಯಿಬಿಡಿಸುತ್ತಿದ್ದರು. ಅಂಥ ಬಾಯಿಗೆ ಹದಿನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸತ್ತಂತಾಯಿತು, ತುಟಿ ಎಡಕ್ಕೆ ಜೋತುಬಿತ್ತು, ನಾಲಿಗೆ ಹೊರಳದಾಯಿತು. ಆಡಿದ್ದೆಲ್ಲ ಅಆ, ಗಗ್ಗಗ್ಗ. ಮನೆಯವರಿಗೆ ಒಂದಕ್ಷರ ತಿಳಿಯಲಿಲ್ಲ. ತಿಳಿದದ್ದು ಗಿಣಿಗೆ. ಲಕ್ವಕ್ಕೆ ಮುಂಚೆಯೇ ಅದು ಅವರ ಮಾತು ಕಲಿತಿತ್ತು. ಹಳೆಯ ಮಾತಿಗೂ ಹೊಸ ತೊದಲಿಗೂ ಗಂಟುಹಾಕುತ್ತ ಹಾಕುತ್ತ, ಮೂರು ತಿಂಗಳಿಗೆ ಅತ್ತೆಯ ಗಟ್ಟಿದನಿ ಮತ್ತೆ ಮನೆ ತುಂಬಿತು.

ಆ ದಿನವೂ ಭಾಮಾ ಒಳಗೆ ಕಾಲಿಡುತ್ತಿದ್ದಂತೆ ಅತ್ತೆಯ ಗಂಟಲಿನಿಂದ ಏನೋ ಗೊರಗೊರ ಬಂತು, ಮಡಿಲಿನ ಗಿಣಿ ಗಟ್ಟಿಯಾಗಿ ಹೇಳಿತು: "ಭಾಮಾ, ಮಧ್ಯಾಹ್ನದ ಹುರುಳಿಕಾಯಿ ನಾರು ತೆಗ್ದೇ ಇಲ್ಲ ಕಣೇ. ಗಂಟ್ಲಿಗೆ ಸಿಕ್ಕೊಂಡ್ರೆ ನಿನ್ ಗಂಡ ಬಂದು ಎಳೀತಾನಾ?"

"ನಾಳೆ ತೆಗೀತೀನಿ ಅತ್ತೆ."

"ನಾಳೆ ಅಂದೋರ ಮನೆ ಹಾಳಾಗ್ಲಿ. ಅಲ್ಲ, ನಿನ್ ಮನೇನೇ ಅಲ್ವಾ ಇದು, ಹಾಳಾಗೋದು ಬೇಡ. ಕಾಫಿ ಕುಡೀ ಹೋಗು."

ಭಾಮಾ ಅಡುಗೆಮನೆಗೆ ಹೋಗಿ ಕಾಫಿ ಲೋಟ ಹಿಡಿದು ನಿಂತಳು. ಹೇಗೆ ಹೇಳುವುದು? ಅವಳ ಗಂಡ ಶಂಭು ಟೈಲರ್. ಅಂಗಡಿಯಿಂದ ಬಂದವನಿಗೆ ಮೆಲ್ಲಗೆ ಹೇಳಿದಳು. ಅವನು ಕುತ್ತಿಗೆಯ ಟೇಪು ತೆಗೆಯದೆಯೇ ಅಂದ: "ಅರವತ್ತೆರಡು ಸಾವಿರ ಫೋನಿದೆ, ಸುಟ್ಟಿದ್ದು ಹನ್ನೊಂದು. ನಮ್ಮಮ್ಮನ ಬಾಯಿ ಕಿತ್ಕೊಂಡು ನಿಮ್ ಕಂಪ್ನಿಗೆ ಕೊಡಬೇಕಾ? ಸುಮ್ನಿರೇ."

ಅವಳು ಸುಮ್ಮನಿದ್ದಳು. ಆದರೆ ದಿನಕ್ಕೆ ಹತ್ತು ಸಲ ಅತ್ತೆಯ ಗಿಣಿ ಮುಟ್ಟಿ ನೋಡುವ ಚಾಳಿ ಹತ್ತಿತು.

ಲ್ಯಾಬಿನಲ್ಲಿ ಯಾವ ಗಿಣಿಯೂ ಬಿಸಿಯಾಗುತ್ತಿರಲಿಲ್ಲ. ಮುನ್ನೂರು ಹೊಸ ಫೋನುಗಳನ್ನು ಸಾಲಾಗಿ ಇಟ್ಟು, ಹೇಳಬಹುದಾದ ಅಪ್ಪಣೆಯನ್ನೆಲ್ಲ ಹೇಳಿ ನೋಡಿದರು. ಎಚ್ಚರಗೊಳ್ಳು, ಫೋನ್ ಮಾಡು, ಹಾಡು ಹಾಕು, ಆಫ್ ಆಗು, ದೀಪ ಆರಿಸು. ಗಿಣಿ ಕೇಳಿಸಿಕೊಳ್ಳುವಾಗ ನೆತ್ತಿಯಲ್ಲೊಂದು ಪುಟ್ಟ ಹಸಿರು ದೀಪ ಉರಿಯುತ್ತಿತ್ತು, ಮಲಗಿಸಬೇಕಾದರೆ ಆ ದೀಪ ಆರಿಸು ಅಂದರೆ ಸಾಕಿತ್ತು. ಮುನ್ನೂರೂ ತಣ್ಣಗೆ ಮಲಗಿದವು.

"ಎಂಥಾ ವಿಚಿತ್ರ ನೋಡ್ರಿ" ಅಂದರು ಕುಲಕರ್ಣಿ. ಧಾರವಾಡದವರು, ವಿನ್ಯಾಸ ವಿಭಾಗದ ಮುಖ್ಯಸ್ಥರು. "ಸುಟ್ಟದ್ದು ಹನ್ನೊಂದೂ ನಿಮ್ಮ ಕಡೇನ. ಮೈಸೂರು, ಮಂಡ್ಯ, ಚಾಮರಾಜನಗರ. ನಮ್ಮ ಧಾರವಾಡ ಕಡೆ ಒಂದೂ ಇಲ್ಲ. ನಿಮ್ಮ ನೀರಾಗ ಏನರ ಐತೇನ್ರಿ?"

"ಎಲ್ಲಾ ವಯಸ್ಸಾದ ಹೆಂಗಸರ ಮನೇದು ಸರ್" ಅಂದಳು ಭಾಮಾ. "ಎಲ್ಲಾ ಮುಸ್ಸಂಜೆ ಹೊತ್ತಲ್ಲೇ. ಮಲಗಿಸಿ ಎತ್ತಿಟ್ಟ ಮುಕ್ಕಾಲು ಗಂಟೆಗೆ."

"ಮಲಗಿದ ಫೋನ್ ಬಿಸಿ ಆಗೋದು ಹ್ಯಾಂಗ?" ಕುಲಕರ್ಣಿ ಕನ್ನಡಕ ತೆಗೆದು ಕಣ್ಣು ಉಜ್ಜಿದರು. "ಕಾರಣ ಸಿಗಲಿಲ್ಲ ಅಂದ್ರ ಎಲ್ಲಾನೂ ಪುಡಿ ಮಾಡೋದ. ಶನಿವಾರ ಕಡೇ ದಿನ."

ಅಂದು ಗುರುವಾರ. ಭಾಮಾಗೆ ರಾತ್ರಿ ಊಟ ಇಳಿಯಲಿಲ್ಲ. ತಾನು ಸಹಿ ಹಾಕಿದ ವಸ್ತು ಯಾರದೋ ಮನೆ ಸುಟ್ಟೀತೆಂದು ಹೆದರಿದವಳು, ಅದೇ ವಸ್ತುವನ್ನು ಲಕ್ವ ಹೊಡೆದ ಮುದುಕಿಯ ಮಡಿಲಲ್ಲಿ ಬಿಟ್ಟು ಬರುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಶುಕ್ರವಾರ ಬೆಳಿಗ್ಗೆ, ಅತ್ತೆಯ ತಲೆ ಬಾಚುತ್ತ ಹೇಳಿಯೇಬಿಟ್ಟಳು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದಳು, ಬೈಯಲಿಲ್ಲ. ಗಿಣಿಯನ್ನು ಬಲಗೈಯಲ್ಲಿ ಅವುಚಿಕೊಂಡು ಮುಖ ಗೋಡೆಗೆ ತಿರುಗಿಸಿದರು. ಅರ್ಧ ಬಾಚಿದ ಜಡೆ ಭಾಮಾಳ ಕೈಯಿಂದ ಜಾರಿತು. ತಿಂಡಿ ತಂದಾಗಲೂ ಮಾತಿಲ್ಲ. ಅವಳು ಹೊರಡುವಾಗ "ಹೋಗಿ ಬರ್ತೀನಿ ಅತ್ತೆ" ಅಂದಳು. ಗಿಣಿಯೂ ಉಸಿರೆತ್ತಲಿಲ್ಲ.

ಆ ಸಂಜೆ ಆರೂ ಕಾಲಿಗೆ ಕೌಂಟರಿಗೆ ಯಳಂದೂರಿನಿಂದ ಒಬ್ಬ ಅಜ್ಜಿ ಬಂದರು. ಪುಟ್ಟಲಿಂಗಮ್ಮ ಅಂತ ಹೆಸರು. ಎರಡು ಪ್ರಶ್ನೆಗೂ ಉತ್ತರ ಹೇಳಿ, ಗಿಣಿಯನ್ನು ಟೇಬಲಿನ ಮೇಲಿಟ್ಟರು. ಅದರ ನೆತ್ತಿಯ ದೀಪ ಇನ್ನೂ ಉರಿಯುತ್ತಿತ್ತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಅದನ್ನು ಸವರಿದರು. "ಸಾಕು ಕಣವ್ವ, ದಣ್ದಿದ್ದೀಯ. ದೀಪ ದೊಡ್ದು ಮಾಡ್ಕೊ."

ದೀಪ ಆರಿತು. ಭಾಮಾ ಅದನ್ನು ಎತ್ತಿ ಮರಳಿನ ಡಬ್ಬದಲ್ಲಿ ಇಟ್ಟು ಮುಂದಿನವರನ್ನು ಕರೆದಳು. ಡಬ್ಬಕ್ಕೆ ಕಾವು ತೋರಿಸುವ ಮೀಟರು ಇತ್ತು. ಮೂವತ್ತೊಂದು ಇದ್ದದ್ದು ಮೂವತ್ತಾರಾಯಿತು. ಅವಳು ಗಮನಿಸಲಿಲ್ಲ. ನಲವತ್ತನಾಲ್ಕಾದಾಗ ಡಬ್ಬ ಕೀಚ್ ಎಂದಿತು. ಐವತ್ತೆಂಟು.

ಮಲಗಿದ ಫೋನು.

ಅವಳು ಬಾಗಿ ಡಬ್ಬದ ಮುಚ್ಚಳ ಬಿಗಿದವಳು ಹಾಗೆಯೇ ನಿಂತುಬಿಟ್ಟಳು. ಅಜ್ಜಿ ಏನಂದರು? ದೀಪ ದೊಡ್ಡದು ಮಾಡು. ಅವಳ ಅತ್ತೆ ದಿನಾ ಅನ್ನುವ ಮಾತು ಅದು. ಮೈಸೂರು ಕಡೆಯ ಹಳೆಯ ಹೆಂಗಸರು ದೀಪ ಆರಿಸು ಅಂತ ಸತ್ತರೂ ಅನ್ನುವುದಿಲ್ಲ. ದೀಪ ಆರುವುದು ಮನೆ ಹಾಳಾದಂತೆ. ಆರಿಸಬೇಕಾದಾಗ ದೊಡ್ಡದು ಮಾಡು ಅನ್ನುತ್ತಾರೆ. ಬಳೆ ಒಡೆಯಿತು ಅನ್ನದೆ ಹೆಚ್ಚಿತು ಅಂದಹಾಗೆ. ಇಲ್ಲಿಯ ಮನುಷ್ಯರಿಗೆ ಇದು ಹುಟ್ಟುತ್ತಲೇ ಗೊತ್ತು, ಯಾರೂ ವಿವರಿಸಿ ಹೇಳಿಕೊಡುವುದಿಲ್ಲ.

ಕುಲಕರ್ಣಿಗೆ ಫೋನ್ ಮಾಡಿದಳು. ಅವರು ಕೇಳಿ ವಿನ್ಯಾಸದ ನಕ್ಷೆ ಬಿಚ್ಚಿದರು. ಗಿಣಿಯೊಳಗೆ ಎರಡು ಚಿಪ್ಪು. ಒಂದು ಮಾತು ಕಲಿಯುವುದು. ಅಜ್ಜಿ ದೊಡ್ಡದು ಅಂದಾಗೆಲ್ಲ ಕತ್ತಲೆ ಬಯಸುತ್ತಾಳೆ ಎಂದು ಅದು ಕಲಿತುಕೊಂಡಿತ್ತು, ದೀಪ ಆರಿಸುತ್ತಿತ್ತು, ಆದರೆ ಕೇಳಿದ ಪದವನ್ನು ಹಾಗೆಯೇ ಎರಡನೆಯದಕ್ಕೂ ದಾಟಿಸುತ್ತಿತ್ತು. ಇನ್ನೊಂದು ಬ್ಯಾಟರಿಯ ಕಾವಲು ಚಿಪ್ಪು. ಅದು ಕಲಿಯುವಂಥದ್ದಲ್ಲ, ಕಾರ್ಖಾನೆಯಲ್ಲಿ ತುಂಬಿಸಿದ ಇನ್ನೂರು ಪದ ಬಿಟ್ಟರೆ ಅದಕ್ಕೆ ಏನೂ ಗೊತ್ತಿಲ್ಲ. ದೊಡ್ಡದು ಅಂದರೆ ದೊಡ್ಡದು. ಹೊರಗೆ ದೀಪ ಆರಿ ಫೋನು ಮಲಗಿದಂತೆ ಕಂಡಾಗ, ಒಳಗೆ ಕರೆಂಟು ಪೂರ್ತಿ ತೆರೆದು ಹರಿಯುತ್ತಿತ್ತು.

"ಆ ಪಟ್ಟಿ ಬರದಾಂವ ನಾನ" ಅಂದರು ಕುಲಕರ್ಣಿ. ದನಿ ಕುಸಿದಿತ್ತು. "ನಮ್ಮವ್ವ ದೀಪ ಶಾಂತ ಮಾಡು ಅಂತಿದ್ಲು. ಅದಕ್ಕ ಶಾಂತ ಅನ್ನೋದನ್ನ ಹಾಕಿದ್ದೆ. ನಿಮ್ಮ ಕಡೀದು ನನಗ ಗೊತ್ತಿರಲಿಲ್ರೀ."

"ಪಟ್ಟಿ ತಿದ್ದಿದೋಳು ನಾನು ಸರ್" ಅಂದಳು ಭಾಮಾ. "ನಂಗೆ ಗೊತ್ತಿತ್ತು. ಆದ್ರೆ ಆಫೀಸಲ್ಲಿ ನಾನೂ ಆಫ್ ಅಂತೀನಲ್ಲ, ನೆನಪೇ ಆಗಲಿಲ್ಲ."

ಆಗಲೇ ಅವಳಿಗೆ ಹೊಳೆದದ್ದು. ಅತ್ತೆಯ ಗಿಣಿ ಇಷ್ಟು ದಿನ ಸಿಡಿಯದೆ ಉಳಿದದ್ದು ಅವರ ಬಾಯಿಚಪಲದಿಂದ. ಸಂಜೆ ದೇವರಿಗೆ ದೀಪ ಹಚ್ಚಿ, ಗಿಣಿಯನ್ನು ಮಲಗಿಸಿ ಜಪಕ್ಕೆ ಕೂತರೆ ಹತ್ತು ನಿಮಿಷ ಸುಮ್ಮನಿರಲಾರರು. ಯಾರನ್ನಾದರೂ ಬೈಯಲು ಗಿಣಿಯನ್ನು ಎಬ್ಬಿಸುತ್ತಿದ್ದರು. ಎಬ್ಬಿಸಿದೊಡನೆ ಕರೆಂಟು ಸರಿಹೋಗುತ್ತಿತ್ತು. ಇವತ್ತು ಅವರು ಮುನಿಸಿಕೊಂಡಿದ್ದಾರೆ. ಇವತ್ತು ಎಬ್ಬಿಸುವುದಿಲ್ಲ.

ಶಂಭುವಿಗೆ ಫೋನ್ ಮಾಡಿದಳು, ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಅವನು ಎತ್ತಲಿಲ್ಲ. ಸ್ಕೂಟರ್ ಹತ್ತಿದಳು. ಸಿಗ್ನಲ್ಲು ಯಾವುದು, ಎದುರಿನ ಬಸ್ಸು ಯಾವುದು ಎಂದು ಅವಳಿಗೆ ಗೊತ್ತಿರಲಿಲ್ಲ. ದೇವರೇ, ಇವತ್ತೊಂದಿನ ಬೈಲಿ, ನನ್ನನ್ನ ಬಾಯಿಗೆ ಬಂದಂತೆ ಬೈಲಿ ಎಂದು ಬೇಡಿಕೊಳ್ಳುತ್ತ ಹೋದಳು.

ಅತ್ತೆ ದೇವರ ಮನೆಯ ಮುಂದೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ದೀಪ ಹಚ್ಚಿತ್ತು. ಗಿಣಿಯನ್ನು ಎಂದಿನಂತೆ ಎಡಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ಸ್ಪರ್ಶ ತಿಳಿಯದ ಕಡೆಗೆ. ಸೀರೆಯ ಮಡಿಕೆ ಕಂದುಬಣ್ಣಕ್ಕೆ ತಿರುಗಿತ್ತು. ಭಾಮಾ ಸೆರಗು ಸುತ್ತಿದ ಕೈಯಿಂದ ಅದನ್ನು ಕಿತ್ತು, ಹಿತ್ತಿಲಿಗೆ ಓಡಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿದಳು. ಆಮೇಲೆ ಕುರ್ಚಿಯನ್ನೇ ಎಳೆದುಕೊಂಡು ಅತ್ತೆಯನ್ನು ಹಿತ್ತಿಲ ಬಾಗಿಲಿಗೆ ತಂದಳು. ಗಿಣಿಯ ಬೆನ್ನು ಉಬ್ಬಿತ್ತು, ಸಣ್ಣಗೆ ಸುಯ್ ಅನ್ನುತ್ತಿತ್ತು. ಇಷ್ಟು ಕಾದ ಮೇಲೆ ಬರೀ ಎಬ್ಬಿಸಿದರೆ ಸಾಲದು, ಪೂರ್ತಿ ಆರಿಸಬೇಕು; ಹೆಸರಿಗೆ ಓಗೊಟ್ಟರೂ ಮಾಲೀಕರ ದನಿ ಬಿಟ್ಟು ಬೇರೆಯವರ ಅಪ್ಪಣೆಯನ್ನು ಅದು ಕೇಳುವುದಿಲ್ಲ.

"ಅತ್ತೆ, ಆರಿಸು ಅನ್ನಿ! ಜೋರಾಗಿ ಅನ್ನಿ, ಸಿಡಿಯುತ್ತೆ ಅದು!"

ಅತ್ತೆ ತಲೆ ಅಲ್ಲಾಡಿಸಿದರು. ಇಲ್ಲ. ಮುಸ್ಸಂಜೆಯಲ್ಲಿ, ಹಚ್ಚಿದ ದೀಪದ ಮುಂದೆ, ಇರುವ ಒಬ್ಬ ಮಗ ಹೊರಗೆ ಹೋಗಿರುವಾಗ ಆ ಮಾತೇ? ಪ್ರಾಣ ಹೋದರೂ ಇಲ್ಲ.

"ಆಫ್ ಅನ್ನಿ ಹಾಗಾದ್ರೆ!"

ಅತ್ತೆ ಪ್ರಯತ್ನಪಟ್ಟರು. ಆಫ್ ಅನ್ನಲು ತುಟಿ ಕೂಡಬೇಕು. "ಆಆ" ಅಂದರು. "ಆಆ." ಗಿಣಿ ಕೇಳಿಸಿಕೊಳ್ಳಲಿಲ್ಲ. ಲಕ್ವದ ನಂತರ ಎಂದೂ ಆಡದ ಮಾತು, ಅದಕ್ಕೆ ಹೇಗೆ ಗೊತ್ತಾಗಬೇಕು?

"ಶಾಂತ" ಅಂದಳು ಭಾಮಾ, ಮೊಣಕಾಲೂರಿ ಅತ್ತೆಯ ಕೆನ್ನೆ ಹಿಡಿದು. "ಶಾಂತ ಮಾಡು ಅಂತಾರಂತೆ ಧಾರವಾಡ ಕಡೆ. ಒಳ್ಳೇ ಮಾತು ಅತ್ತೆ, ಕೆಟ್ಟದ್ದೇನಿಲ್ಲ. ಅದು ಗಿಣಿಗೆ ಗೊತ್ತು. ನೀವು ಬಾಯಿಂದ ಸರಿಯಾಗಿ ಅಂದ್ರೆ ಸಾಕು."

ಅತ್ತೆ ಅವಳನ್ನೇ ನೋಡಿದರು. ಬಲಗೆನ್ನೆ ಬಿಗಿಯಿತು. "ತಾ" ಅಂದರು. "ಚಾತ." ಜೊಲ್ಲು ಸುರಿಯಿತು, ಒರೆಸಿಕೊಳ್ಳಲಿಲ್ಲ. ಸುಯ್ ಅನ್ನುವುದು ಜೋರಾಯಿತು. "ಛಾತ." ಕಣ್ಣಲ್ಲಿ ನೀರು ಬಂತು. ಬಲಗೈಯಿಂದ ತಮ್ಮ ತುಟಿಯನ್ನೇ ಹಿಡಿದು ನೆಟ್ಟಗೆ ಎಳೆದುಕೊಂಡು, ಇಡೀ ಹಿತ್ತಿಲು ಕೇಳುವಂತೆ ಒಮ್ಮೆ ಅಂದರು:

"ಶಾಂತಾ!"

ಸದ್ದು ನಿಂತಿತು. ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದರು. ಕಲ್ಲಿನ ಮೇಲೆ ಗಿಣಿ ನಿಧಾನವಾಗಿ ತಣ್ಣಗಾಯಿತು. ಅತ್ತೆಯ ಸೊಂಟದಲ್ಲಿ ಅಂಗೈಯಗಲ ಬೊಬ್ಬೆ ಎದ್ದಿತ್ತು. ಶಂಭು ಬಂದು ಅದನ್ನು ನೋಡಿದವನು ಸುಮ್ನಿರೇ ಅನ್ನಲಿಲ್ಲ. ಒಳಗೆ ಹೋಗಿ ಟೇಪು ಹಿಡಿದ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ.

ಶನಿವಾರ ಬೆಳಿಗ್ಗೆ ಭಾಮಾ ಮೊದಲು ತನ್ನ ಸುಳ್ಳಿನ ಫಾರಂ ತಿದ್ದಿ ಕೊಟ್ಟಳು. ಕುಲಕರ್ಣಿ ಅದನ್ನು ಇಸಿದುಕೊಂಡು ಕಡತಕ್ಕೆ ಸೇರಿಸಿದರು. ಹೊಸ ಆದೇಶವನ್ನು ಅವರಿಬ್ಬರೂ ಕೂತೇ ಬರೆದರು: ಆರಿಸು, ಆಫ್, ಶಾಂತ ಅನ್ನುವವರ ಗಿಣಿಗಳು ಉಬ್ಬಿರದಿದ್ದರೆ ಅವರ ಬಳಿಯೇ ಇರಲಿ. ಬೆನ್ನು ಉಬ್ಬಿದವನ್ನು ಮಾತ್ರ ಕೊಡಲೇಬೇಕು, ಅವು ಇನ್ನು ಯಾವ ಗಳಿಗೆಯಲ್ಲಾದರೂ ಹೊತ್ತಿಕೊಳ್ಳಬಹುದು. ಹೆಡ್ ಕಾನ್‌ಸ್ಟೇಬಲ್ಲರಿಗೆ ಅವರದು ವಾಪಸು ಸಿಕ್ಕಿತು. ಕಾರ್ಖಾನೆಯ ಭಾಷೆ ಆಡಿದವರೆಲ್ಲ ಗೆದ್ದರು. ಕೆಟ್ಟ ಮಾತು ಬಾಯಲ್ಲಿ ಬರಬಾರದು ಎಂದು ಬದುಕಿದ ಹೆಂಗಸರದ್ದೇ ಹೋಯಿತು. ಇದೆಂಥ ನ್ಯಾಯವೋ, ಭಾಮಾಗೆ ತಿಳಿಯಲಿಲ್ಲ.

ಹನ್ನೊಂದು ಗಂಟೆಗೆ ಸಾಲಿನಲ್ಲಿ ಗಾಲಿಕುರ್ಚಿ ಬಂತು. ಶಂಭು ತಳ್ಳುತ್ತಿದ್ದ. ಚೆನ್ನಾಜಮ್ಮ ಹೊಸ ಹಸಿರು ಬಳೆ ತೊಟ್ಟು, ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದರು. ಮುಂದೆ ಕಳಿಸುತ್ತೇವೆ ಅಂದರೂ ಒಪ್ಪದೆ ಸಾಲಿನಲ್ಲೇ ಬಂದರು. ಉಬ್ಬಿದ ಗಿಣಿಯನ್ನು ತಾವೇ ಟೇಬಲಿನ ಮೇಲಿಟ್ಟರು. ಭಾಮಾ ಬೇರೆಯವರನ್ನು ಕೂರಿಸಬಹುದಿತ್ತು. ಕೂರಿಸಲಿಲ್ಲ.

"ಏನು ಕೊಡ್ತಿದ್ದೀರಿ?" ಅಂದಳು.

ಅತ್ತೆಯ ಬಾಯಿ ಹೊರಳಿತು. "ನ್ನಾ… ಆಯಿ… ಓಡ್ತಾ…"

ಭಾಮಾ ಪೆನ್ನು ಹಿಡಿದು ಕಾದಳು. ಏನೂ ತಿಳಿಯಲಿಲ್ಲ. ಅಭ್ಯಾಸಬಲದಿಂದ ಅವಳ ಕಣ್ಣು ಟೇಬಲಿನ ಮೇಲಿದ್ದ ಗಿಣಿಯ ಕಡೆ ಹೋಯಿತು, ಅದು ಹೇಳಲಿ ಎಂದು. "ಇನ್ನೊಂದ್ಸಲ ಹೇಳಿ ಅತ್ತೆ. ತಾಯಿ ಅಂದ್ರಾ?"

ಅತ್ತೆ ಇನ್ನೊಂದು ಸಲ ಹೇಳಿದರು. ಶಂಭು ತಲೆ ತಗ್ಗಿಸಿದ, ಅವನಿಗೂ ತಿಳಿಯಲಿಲ್ಲ. ಮೂರನೆಯ ಸಲಕ್ಕೆ ಅತ್ತೆಯ ಹಿಂದೆ ನಿಂತಿದ್ದ ಯಾರೋ ಒಬ್ಬ ಹೆಂಗಸು, ಅವರನ್ನು ಹಿಂದೆಂದೂ ಕಂಡವಳಲ್ಲ, ತಡೆಯಲಾರದೆ ಬಾಯಿಹಾಕಿದಳು.

"ಏನವ್ವ ನೀನು, ಸರ್ಯಾಗಿ ಕಿವಿಗೊಟ್ಟು ಕೇಳ್ಬಾರ್ದಾ? ಎಷ್ಟು ಚೆಂದಾಗ್ ಯೋಳ್ತಾವ್ರೆ! 'ನನ್ ಬಾಯಿ ಕೊಡ್ತಾ ಇವ್ನಿ' ಅಂತಾವ್ರೆ."

ಭಾಮಾಳ ಕೈಯಲ್ಲಿ ಪೆನ್ನು ನಿಂತಿತು. ಹದಿನಾಲ್ಕು ತಿಂಗಳಲ್ಲಿ ತಾನು ಒಂದು ದಿನವಾದರೂ ಅತ್ತೆಯ ಬಾಯಿ ನೋಡಿ ಮಾತು ಕೇಳಿಸಿಕೊಂಡದ್ದುಂಟೇ? ಅವರು ತೊದಲಿದಾಗೆಲ್ಲ ನೋಡಿದ್ದು ಅವರ ಮಡಿಲನ್ನು. ನೆನೆದು ಅವಳಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಉಕ್ಕಿ ಬಂದವು. ಎದುರಿಗೆ ಅಷ್ಟು ಜನ ಇದ್ದಾರೆನ್ನುವುದನ್ನೂ ಮರೆತು ಅತ್ತಳು.

ಅತ್ತೆ ಬಲಗೈಯಿಂದ ಟೇಬಲು ತಟ್ಟಿದರು. ಭಾಮಾ ತಲೆಯೆತ್ತಿ ಅವರ ಮುಖ ನೋಡಿದಳು, ಜೋತ ತುಟಿಯನ್ನು, ಹೊರಳಲು ಒದ್ದಾಡುತ್ತಿದ್ದ ನಾಲಿಗೆಯನ್ನು.

"ಅಅಕೋಏ" ಅಂದರು ಅತ್ತೆ.

ಬರ್ಕೊಳೇ. ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ.

ಭಾಮಾ ಕಣ್ಣೊರೆಸಿಕೊಂಡು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಳು.